ಆಮೆಮರಿಗೆ ‘ಹೋಗಿ ಬಾ’ ಅಂದ ರಾತ್ರಿ

ನಂಬಿ ಎಂದು ನಾನು ಹಟ ಹಿಡಿಯುವುದಿಲ್ಲ. ನಾನೇ ಬಹಳ ದಿನ ನಂಬಿರಲಿಲ್ಲ. ಆದರೆ ಆ ಸಂಜೆ ಉಟ್ಟಿದ್ದ ಕರೀ ಚಂದ್ರಕಾಳಿ ಸೀರೆಯನ್ನು ಎಷ್ಟು ಸಲ ಒಗೆದು ಹಾಕಿದರೂ, ಅಂಚಿನ ಮಡಿಕೆಯಲ್ಲಿ ಬೆರಳಾಡಿಸಿದರೆ ಈಗಲೂ ಮರಳು ಸಿಗುತ್ತದೆ. ಮರಳಿನ ಜೊತೆ ಎರೆಮಣ್ಣಿನ ಕಾಳೂ ಸಿಗುತ್ತವೆ. ಹೊನ್ನಾವರದ ಕಡಲ ದಂಡೆಯಲ್ಲಿ ನಮ್ಮೂರ ಕರೀ ಎರೆಮಣ್ಣು ಎಲ್ಲಿಂದ ಬರಬೇಕು? ನೀವೇ ಹೇಳಿ.

ನಾವು ಬಸವನ ಬಾಗೇವಾಡಿಯವರು. ನಮ್ಮನೆಯವರಿಗೆ ಆಲಮಟ್ಟಿಯ ಕಾಲುವೆ ಆಫೀಸಿನಲ್ಲಿ ಕೆಲಸ, ಹೊಲ ಇರುವುದು ಮಸೂತಿಯಲ್ಲಿ. ಮನೆಯಲ್ಲಿ ನಾವಿಬ್ಬರು, ಮತ್ತೆ ಅತ್ತೆ. ಇನ್ನೊಬ್ಬಳು ಬರಬೇಕಿತ್ತು.

ಸಮುದ್ರಕ್ಕೆ ಹೋಗುವ ಹಿಂದಿನ ವರ್ಷದ ಚಳಿಗಾಲದಲ್ಲಿ ತಿಂಗಳು ತುಂಬಿಯೇ ನನಗೆ ಹೆಣ್ಣುಮಗು ಹುಟ್ಟಿತು. ಅಳಲಿಲ್ಲ. ಯಾರದೂ ತಪ್ಪಿರಲಿಲ್ಲ... ಅಳಲಿಲ್ಲ, ಅಷ್ಟೇ. ನನಗೆ ಪೂರ್ತಿ ಎಚ್ಚರವಾಗುವ ಹೊತ್ತಿಗೆ ಪಕ್ಕದ ಜಾಗ ಖಾಲಿಯಾಗಿತ್ತು.

ನಮ್ಮ ಮನೆತನದಲ್ಲಿ ಹಾಗೆ ಹೋದ ಕೂಸನ್ನು ತಾಯಿಗೆ ತೋರಿಸುವುದಿಲ್ಲ. ನೋಡಿದರೆ ಮಾಯೆ ಅಂಟುತ್ತದೆ, ಎದೆಹಾಲು ಬತ್ತುವುದಿಲ್ಲ ಅನ್ನುತ್ತಾರೆ. ಹೊಲದಲ್ಲಿ ಒಂದು ಕಡೆ ಮಣ್ಣು ಮಾಡುತ್ತಾರೆ. ಎಲ್ಲಿ ಎಂದು ತಾಯಿಗೆ ಹೇಳುವುದಿಲ್ಲ, ಹೇಳಿದರೆ ಅವಳು ದಿನಾ ಅಲ್ಲೇ ಹೋಗಿ ಕೂರುತ್ತಾಳೆ ಅಂತ. ಅತ್ತೆ ಮತ್ತು ನಮ್ಮನೆಯವರು ಇಬ್ಬರೇ ಒಯ್ದು ಬಂದರು. ಅತ್ತೆಯ ಉಗುರಿನ ಸಂದಿಯಲ್ಲಿ ಕರೀ ಮಣ್ಣು ಇದ್ದದ್ದು ನನಗೆ ನೆನಪಿದೆ.

ನಾನು ಕೇಳಿದ್ದು ಒಂದೇ ಮಾತು. "ಅತ್ತೀ, ಕೂಸಿನ ಮುಖ ಹ್ಯಾಂಗಿತ್ತ್ರಿ?"

"ಹೋದ ಕೂಸಿಗೆ ಮುಖ ಇರೂದಿಲ್ಲವ್ವಾ. ಮಕ್ಕೋ," ಅಂದರು.

ಆಮೇಲೆ ಎಷ್ಟು ಸಲ ಕೇಳಿದರೂ ಅದೇ ಉತ್ತರ. ನಮ್ಮನೆಯವರನ್ನು ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಹೊಲಕ್ಕೆ ಬರುತ್ತೇನೆ ಅಂದರೆ ಏನಾದರೂ ನೆಪ ಹೇಳಿ ಬಿಟ್ಟು ಹೋಗುತ್ತಿದ್ದರು. ನಾನು ಅಡುಗೆ ಮಾಡುತ್ತಿದ್ದೆ, ಬಟ್ಟೆ ಮಡಚುತ್ತಿದ್ದೆ, ಯಾರಾದರೂ ನಕ್ಕರೆ ನಗುತ್ತಿದ್ದೆ. ಆದರೆ ಬೀದಿಯಲ್ಲಿ ಯಾವ ಕೂಸು ಕಂಡರೂ ಅದರ ಹುಬ್ಬು ನೋಡುವುದು, ಮೂಗು ನೋಡುವುದು... ಇಂಥದಿತ್ತೋ, ಅಂಥದಿತ್ತೋ ಅಂತ. ಆ ಒಂದು ಮುಖ ನನಗೆ ಬೇಕಿತ್ತು. ಬೇರೇನೂ ಬೇಡವಾಗಿತ್ತು.

ವರ್ಷ ದಾಟಿದ ಮೇಲೆ ನಮ್ಮನೆಯವರೇ ಒಂದು ದಿನ, "ನಡೀರಿ, ಸಮುದ್ರ ನೋಡಿ ಬರೂಣು," ಅಂದರು. ಜೋಳ ಕೊಯ್ದು ಹೊಲದಲ್ಲಿ ಹಾಕಿದ್ದ ದಿನಗಳು. ಹೊನ್ನಾವರದ ಹತ್ತಿರ ದಂಡೆಗೆ ಹೊಂದಿಯೇ ಇದ್ದ ಒಂದು ಹೆಂಚಿನ ಮನೆಯಲ್ಲಿ ಕೋಣೆ ಹಿಡಿದರು. ಅತ್ತೆ ಹುಟ್ಟಿದ ಮೇಲೆ ಮೊದಲ ಸಲ ಸಮುದ್ರ ನೋಡಿದ್ದು. ಸೊಂಟಕ್ಕೆ ಕೈಯಿಟ್ಟು ಬಹಳ ಹೊತ್ತು ನೋಡಿದರು.

"ಇಷ್ಟ ನೀರ ಐತಿ, ಒಂದ ಗುಟುಕು ಕುಡಿಯಾಕ ಬರೂದಿಲ್ಲ. ಇದನ್ನ ನೋಡಾಕ ಇಷ್ಟ ದೂರ ತಂದಿ?"

"ಯವ್ವಾ, ನೀರ ಕುಡಿಯಾಕ ಬಂದೀವೇನ?" ಅಂದರು ನಮ್ಮನೆಯವರು.

"ನಮ್ಮ ಆಲಮಟ್ಟಿ ಹಿನ್ನೀರು ಸಾವಿರ ಪಾಲು ಚಲೋ ಬಿಡು. ತೊಳದ್ರ ಕೈ ಅಂಟೂದಿಲ್ಲ."

ಬಹಳ ದಿನಕ್ಕೆ ನಾವು ಮೂವರೂ ಒಟ್ಟಿಗೆ ನಕ್ಕಿದ್ದೆವು.

ಆ ಮನೆಯಾಕೆ ಚಹಾ ಕೊಡುತ್ತಾ, "ಇವತ್ತು ಸಂಜೆ ಕಡಲಾಮೆ ಮರಿ ಬಿಡ್ತಾರೆ, ನೋಡ್ಕೊಂಡು ಬನ್ನಿ," ಅಂದರು. ಹೊತ್ತು ಮುಳುಗುವಾಗ ಹೋದೆವು.

ದಂಡೆಯ ಮೇಲ್ಭಾಗದಲ್ಲಿ ಬಲೆಯ ಬೇಲಿ. ತಾಯಿ ಆಮೆ ಮರಳಿನಲ್ಲಿ ಹೂತು ಹೋದ ಮೊಟ್ಟೆಗಳನ್ನು ನಾಯಿ ನರಿ ತಿನ್ನದ ಹಾಗೆ ತೆಗೆದು, ಆ ಬೇಲಿಯೊಳಗೆ ಮತ್ತೆ ಹೂಳುತ್ತಾರಂತೆ. ಒಳಗೆ ಸಣ್ಣ ಸಣ್ಣ ಮರಳ ಗುಡ್ಡೆಗಳು, ಒಂದೊಂದರ ತಲೆಗೂ ಒಂದೊಂದು ಕೋಲು.

ನಾನು ಬೇಲಿಯ ಹೊರಗೇ ನಿಂತೆ. ನಾನು ಓದಿದ ಕಾನ್ವೆಂಟಿನ ಹಿಂದೆ ಸಿಸ್ಟರುಗಳ ಪುಟ್ಟ ಸಮಾಧಿ ಅಂಗಳವಿತ್ತು. ಸತ್ತವರನ್ನು ನೆನೆಯುವ ಹಬ್ಬದ ದಿನ ನಾವು ಹುಡುಗಿಯರು ಅಲ್ಲಿ ಕಸ ಕಿತ್ತು ಮೇಣದ ಬತ್ತಿ ಹಚ್ಚುತ್ತಿದ್ದೆವು. ಇದೂ ಹಾಗೇ ಇತ್ತು. ಅಳತೆ ಮಾತ್ರ ಬೇರೆ. ಕೂಸುಗಳ ಅಳತೆ.

ಒಂದು ಗುಡ್ಡೆ ನಡುವೆ ಕುಸಿದು ಬಟ್ಟಲಿನ ಹಾಗೆ ಆಗಿತ್ತು. ಮರಿಗಳು ಅಲ್ಲಿಂದಲೇ ಎದ್ದು ಬಂದಿದ್ದವು. ಬುಟ್ಟಿಯಲ್ಲಿ ಒಂದರ ಮೇಲೊಂದು ಹತ್ತುತ್ತಿದ್ದವು, ಬೂದು ಬಣ್ಣ, ಅಂಗೈಯಲ್ಲಿ ಮುಚ್ಚಿಹೋಗುವಷ್ಟು. ನೋಡಿಕೊಳ್ಳುತ್ತಿದ್ದ ಹುಡುಗಿ ಎಲ್ಲರನ್ನೂ ಒಂದು ಗೆರೆಯ ಹಿಂದೆ ನಿಲ್ಲಿಸಿದಳು.

"ಮೊಬೈಲ್ ಬೆಳಕು ಹಾಕಬೇಡಿ, ಬೆಳಕಿನ ಕಡೆ ತಿರುಗಿಬಿಡ್ತವೆ. ಎತ್ತಿ ನೀರಿಗೂ ಬಿಡಬಾರದು, ಅವೇ ನಡೆದು ಹೋಗ್ಬೇಕು. ಹಾಗೆ ನಡೆದ್ರೇ ಊರಿನ ಗುರುತು ಹತ್ತೋದು ಅಂತಾರೆ. ಹೆಣ್ಣಾಗಿದ್ರೆ, ಬದುಕಿ ದೊಡ್ಡದಾದ್ರೆ, ಮೊಟ್ಟೆ ಇಡೋಕೆ ಈ ಕಡೆಗೇ ಹುಡುಕ್ಕೊಂಡು ಬರುತ್ತೆ."

"ಅಂದ್ರ ಬಾಣಂತನಕ್ಕ ತವರಮನಿಗೆ ಬರ್ತಾವನ್ನು!" ಅಂದರು ಅತ್ತೆ. ಸುತ್ತಲಿನವರೆಲ್ಲ ನಕ್ಕರು. ಅತ್ತೆ ಮಾತ್ರ ನನ್ನ ಮುಖ ನೋಡಿ, ನಗುವುದನ್ನು ಅರ್ಧಕ್ಕೇ ನುಂಗಿ, ಸೆರಗು ಸರಿಮಾಡಿಕೊಂಡರು.

ಬುಟ್ಟಿ ವಾಲಿಸಿದರು. ಮರಿಗಳು ಮರಳ ಮೇಲೆ ಈಜುತ್ತಾ ಹೊರಟವು. ಹಿಂದೆ ನೂಲಿನಂಥ ಗುರುತು... ನಡುವೆ ಹೊಟ್ಟೆ ಎಳೆದ ಗೆರೆ, ಎರಡೂ ಬದಿಗೆ ರೆಕ್ಕೆಯಂಥ ಕಾಲು ಹಿಂದಕ್ಕೆ ತಳ್ಳಿದ ಪುಟ್ಟ ಪುಟ್ಟ ಕಚ್ಚು. ಅಲೆ ಬಂದು ಒಂದೊಂದನ್ನೇ ಎತ್ತಿಕೊಂಡು ಹೋಯಿತು.

ಕೊನೆಗೆ ಒಂದು ಉಳಿಯಿತು. ನಡೆಯಲಿಲ್ಲ. ಸತ್ತಿದೆ ಅಂದುಕೊಂಡೆವು. ಆಮೇಲೆ ತಲೆ ಎತ್ತಿತು. ಸಮುದ್ರದ ಕಡೆ ಅಲ್ಲ... ನಮ್ಮ ಕಡೆ ತಿರುಗಿತು. ಅಷ್ಟು ಜನರ ಕಾಲು ದಾಟಿ ನೇರ ನನ್ನ ಹತ್ತಿರ ಬಂದು, ಸೀರೆಯ ಅಂಚಿಗೆ ತಲೆ ತಾಗಿಸಿ ನಿಂತಿತು.

"ಅಕ್ಕಾ, ನಿಮ್ಮ ಹತ್ರ ಬೆಳಕು ಇದೆಯಾ?" ಹುಡುಗಿ ಕೇಳಿದಳು.

ಇರಲಿಲ್ಲ. ನನ್ನ ಮೈಮೇಲೆ ಇದ್ದದ್ದು ಕರೀ ಸೀರೆ, ಸುತ್ತ ಕತ್ತಲು.

ಅವಳು ಅದನ್ನು ತಿರುಗಿಸಿ ಬಿಟ್ಟಳು. ಮತ್ತೆ ಬಂತು. ಇನ್ನೊಮ್ಮೆ ಬಿಟ್ಟಳು. ಮತ್ತೆ ಬಂತು. ಆಗ ನಾನು ಬಗ್ಗಿದೆ. ಮುಟ್ಟಲಿಲ್ಲ. ಬಾಯಿಗೆ ಬಂದ ಮಾತು ಹೇಳಿದೆ, ಅಷ್ಟೇ. "ಹೋಗಿ ಬಾ, ಅವ್ವಾ."

ಮರಿ ತಿರುಗಿತು. ಒಂದು ಸಲವೂ ನಿಲ್ಲದೆ ನೀರಿನ ತನಕ ನಡೆಯಿತು. ಅಲೆ ಬಂತು, ಹೋಯಿತು. ಮರಳು ಖಾಲಿ.

ನನ್ನ ತೋಳನ್ನು ಯಾರೋ ಉಗುರು ನಾಟುವ ಹಾಗೆ ಹಿಡಿದರು. ಅತ್ತೆ.

"ಏನಂದಿ ನೀ ಅದಕ್ಕ?"

"ಹೋಗಿ ಬಾ ಅಂದೆರಿ..."

ನಮ್ಮಲ್ಲಿ ಮನೆಯಿಂದ ಹೊರಟ ಯಾರಿಗೂ ‘ಹೋಗು’ ಅನ್ನುವುದಿಲ್ಲ. ಶಾಲೆಗೆ ಹೋಗುವ ಕೂಸಿಗೂ, ಗಂಡನ ಮನೆಗೆ ಹೋಗುವ ಮಗಳಿಗೂ ‘ಹೋಗಿ ಬಾ’ ಅನ್ನಬೇಕು. ಮಣ್ಣಿಗೆ ಹೋಗುವವರಿಗೆ ಮಾತ್ರ ಹಾಗನ್ನುವಂತಿಲ್ಲ. ಅವರನ್ನು ಬಾ ಎಂದು ಕರೆಯಬಾರದು. ಅದು ನನಗೂ ಗೊತ್ತು. ಆದರೆ ಇದು ಜೀವಂತ ಆಮೆಮರಿ, ಇದಕ್ಕೆ ಅಂದರೆ ಏನಾಯಿತು?

ಅತ್ತೆ ನನ್ನ ತೋಳು ಬಿಟ್ಟು ಮನೆಯ ಕಡೆ ನಡೆದರು. ರಾತ್ರಿ ಊಟ ಮಾಡಲಿಲ್ಲ.

ಕೋಣೆಯಲ್ಲಿ ಒಂದೇ ಮಂಚ. ನಮ್ಮನೆಯವರು ಗೋಡೆ ಕಡೆ ಮಲಗಿದ್ದರು. ನಾನು ಮತ್ತು ಅತ್ತೆ ನೆಲಕ್ಕೆ ಹಾಸಿಕೊಂಡಿದ್ದೆವು. ಅಲೆಯ ಸದ್ದು ಒಂದೇ ಸಮ. ಯಾವಾಗಲೋ ನನಗೆ ಎಚ್ಚರವಾಯಿತು.

ಅಲೆಯ ಸದ್ದು ನಿಂತಿತ್ತು.

ಸಮುದ್ರ ನಿಲ್ಲುವುದಿಲ್ಲ, ಗೊತ್ತು. ಆದರೆ ಕೇಳುತ್ತಿರಲಿಲ್ಲ. ಅದರ ಬದಲು ಬೇರೊಂದು ಸದ್ದು...

ಸರ್... ಸರ್... ಸರ್...

ಯಾರೋ ಮೊರದಲ್ಲಿ ಕಾಳನ್ನು ಮೆಲ್ಲಗೆ ಆಡಿಸಿದ ಹಾಗೆ. ಸ್ವಲ್ಪ ಬರುತ್ತಿತ್ತು, ನಿಲ್ಲುತ್ತಿತ್ತು. ಉಸಿರು ತೆಗೆದುಕೊಂಡ ಹಾಗೆ. ಮತ್ತೆ ಬರುತ್ತಿತ್ತು. ಅಂಗಳ ದಾಟಿತು. ಮೆಟ್ಟಿಲ ಹತ್ತಿರ ಬಂತು. ಬಾಗಿಲ ಬುಡದಲ್ಲಿ, ನೆಲದಿಂದ ಒಂದು ಬೆರಳು ಎತ್ತರದಲ್ಲಿ, ಕಟ್ಟಿಗೆ ಕೆರೆಯತೊಡಗಿತು.

ಆಗ ವಾಸನೆ ಬಂತು. ಉಪ್ಪಿನದಲ್ಲ, ಮೀನಿನದಲ್ಲ. ಬಿಸಿಲಿಗೆ ಬಿರಿದ ಎರೆಹೊಲದ ಮೇಲೆ ಮೊದಲ ಮಳೆ ಬಿದ್ದಾಗ ಏಳುತ್ತದಲ್ಲ, ಆ ವಾಸನೆ. ನಮ್ಮೂರ ವಾಸನೆ. ಕೋಣೆ ತುಂಬಿತು.

ಎದೆ ಬಿಗಿದು ನೋಯತೊಡಗಿತು. ಕೈಯಿಟ್ಟು ನೋಡಿಕೊಂಡೆ. ಕುಪ್ಪಸ ಒದ್ದೆಯಾಗಿತ್ತು. ಎಂದೋ ಬತ್ತಿದ ಹಾಲು...

ಮೊಣಕಾಲಿನ ಮೇಲೆ ಬಾಗಿಲ ಕಡೆ ಸರಿದೆ. ಚಿಲಕಕ್ಕೆ ಕೈ ಹಾಕಿದೆ.

"ತಗೀಬ್ಯಾಡ."

ಕತ್ತಲಲ್ಲಿ ಅತ್ತೆಯ ಪಿಸುಮಾತು. ಅವರು ಎದ್ದು ಕೂತಿದ್ದರು.

"ಅತ್ತೀ... ನಿಮಗೂ ಕೇಳಾಕತ್ತೈತೇನ್ರಿ?"

"ನನಗ ಏನೂ ಕೇಳಾಕತ್ತಿಲ್ಲ," ಅಂದರು. ಹಲ್ಲು ಕಟಕಟ ಅನ್ನುತ್ತಿದ್ದವು. "ಚಿಲಕಾ ಬಿಡು. ಬಂದು ಮಕ್ಕೋ."

ಬಿಟ್ಟೆ. ಬಂದು ಮಲಗಿದೆ. ಅತ್ತೆ ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಕೆರೆಯುವ ಸದ್ದು ಬಹಳ ಹೊತ್ತು ಇತ್ತು. ಆಮೇಲೆ ನಿಧಾನಕ್ಕೆ ಸೋತಿತು... ಅತ್ತು ಅತ್ತು ನಿದ್ದೆಹೋದ ಕೂಸಿನ ಹಾಗೆ.

ಬೆಳಗಾದ ಕೂಡಲೇ ಬಾಗಿಲು ತೆಗೆದೆ. ದಂಡೆಯ ಕಡೆಯಿಂದ ಅಂಗಳದ ಮರಳಿನ ಮೇಲೆ ಒಂದೇ ಒಂದು ಸಾಲು. ನಡುವೆ ಗೆರೆ, ಎರಡು ಬದಿಗೆ ಪುಟ್ಟ ಕಚ್ಚು. ಬಂದ ಗುರುತು ಇತ್ತು, ಹೋದ ಗುರುತು ಇರಲಿಲ್ಲ. ಮೆಟ್ಟಿಲ ಮೇಲೆ, ಹೊಸ್ತಿಲಿಗೆ ಹೊಂದಿ, ಚಿಟಿಕೆಯಷ್ಟು ಹಸಿ ಎರೆಮಣ್ಣು.

"ರೀ... ಇಲ್ಲಿ ನೋಡ್ರಿ."

ನಮ್ಮನೆಯವರು ಹಲ್ಲುಜ್ಜುತ್ತಾ ಬಂದು ನೋಡಿದರು. ಮುಖದ ಬಣ್ಣ ಇಳಿಯಿತು. "ಏಡಿ," ಅಂದರು. "ಸಮುದ್ರದ ಏಡಿ ಇರತಾವ, ರಾತ್ರಿ ತಿರಗ್ಯಾಡತಾವ."

"ಮತ್ತ ಈ ಮಣ್ಣು?"

ಅವರು ಬರಿಗಾಲಿನಿಂದ ಆ ಮಣ್ಣನ್ನು ಮೆಲ್ಲಗೆ ಒರೆಸಿದರು. ಇನ್ನೊಂದು ದಿನ ಇರಬೇಕಿತ್ತು, ಅಂದೇ ಹೊರಟೆವು.

ನಮ್ಮನೆಯವರೇ ಕಾರು ನಡೆಸುತ್ತಿದ್ದರು. ಬಾಗಲಕೋಟೆ ದಾಟುವಾಗಲೇ ಕತ್ತಲಾಗಿತ್ತು. ಆಕಾಶದಲ್ಲಿ ಅಕಾಲದ ಮೋಡ, ಆಗೊಮ್ಮೆ ಈಗೊಮ್ಮೆ ಮಿಂಚು.

"ಜ್ವಾಳ ಬಯಲಾಗ ಬಿದ್ದೈತಿ. ತೆನಿ ನೆನದ್ರ ಕರ್ರಗಾಗತಾವ. ಹೋಗಿ ತಾಡಪಾಲ ಹೊಚ್ಚಿ ಬರ್ತೇನಿ," ಅಂದರು ನಮ್ಮನೆಯವರು.

"ಈ ಹೊತ್ತಿನ್ಯಾಗ ಹೊಲಾ ಯಾಕೋ? ನೆನದ್ರ ನೆನೀಲಿ. ಮನಿಗೆ ನಡಿ."

"ವರ್ಷದ ಊಟ ಐತೆವ್ವಾ ಅದು."

ಕಾರು ಮಸೂತಿಯ ದಾರಿಗೆ ತಿರುಗಿತು. ಹೊಲದ ಬಾಯಿಗೆ ನಿಲ್ಲಿಸಿ, "ನೀವಿಬ್ರು ಇಳೀಬ್ಯಾಡ್ರಿ," ಎಂದು ಹೇಳಿ ತಾಡಪಾಲು ಹೊತ್ತು ಕತ್ತಲಲ್ಲಿ ಹೋದರು. ಕಾರಿನ ದೀಪ ಹಾಗೇ ಉರಿಯುತ್ತಿತ್ತು.

ಕಿಟಕಿ ಇಳಿಸಿದೆ. ಗಾಳಿ ಬಂತು.

ಉಪ್ಪು... ಪಾಚಿ... ಮೀನು... ಸಮುದ್ರದ ವಾಸನೆ. ಸುತ್ತ ಹರದಾರಿಗಟ್ಟಲೆ ಕೊಯ್ದ ಒಣ ಹೊಲ. ದೂರದಲ್ಲಿ ಅಲೆಯ ಸದ್ದು. ಜೋಳದ ಒಣಗಿದ ಗರಿ, ರವದಿ, ಗಾಳಿಗೆ ಆಡಿದರೂ ಹಾಗೇ ಕೇಳುತ್ತದೆ, ನನಗೆ ಗೊತ್ತು. ಆದರೆ ರವದಿ ಹಿಂದಕ್ಕೆ ಸರಿದು ಮತ್ತೆ ಬರುವುದಿಲ್ಲ.

ಇಳಿದೆ.

"ಏ ಶೈಲಾ! ಇಳೀಬ್ಯಾಡ ಅಂದಾನ!" ಅತ್ತೆ ಕೂಗಿದರು.

ದೀಪದ ಬೆಳಕಿನಲ್ಲಿ, ಬಂಡಿದಾರಿಯ ಹಿಟ್ಟಿನಂಥ ಧೂಳಿನ ಮೇಲೆ, ಆ ಸಾಲು ಇತ್ತು. ನಡುವೆ ಗೆರೆ, ಬದಿಗೆ ಕಚ್ಚು. ಆಗಷ್ಟೇ ಮೂಡಿದ ಹಾಗೆ ಅಂಚು ಕೂಡ ಕುಸಿದಿರಲಿಲ್ಲ. ಧೂಳು ಯಾವ ಕಡೆ ತಳ್ಳಿಸಿಕೊಂಡಿದೆ ಎಂದು ನೋಡಿದೆ. ಅದು ಹೊಲದೊಳಗಿಂದ ಬಂದಿತ್ತು. ಬಂದು, ನಾನು ತೆರೆದಿಟ್ಟ ಕಾರಿನ ಬಾಗಿಲ ಕೆಳಗೆ ಮುಗಿದಿತ್ತು.

ಅದು ಎಲ್ಲಿಂದ ಹೊರಟಿದೆ ಎಂದು ನೋಡಬೇಕಿತ್ತು ನನಗೆ. ಸಾಲು ಹಿಡಿದು ಹಿಂದಕ್ಕೆ ನಡೆದೆ. ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಮೊಬೈಲ್ ಬೆಳಕಿನಲ್ಲಿ ನೆಲ ಬಿಟ್ಟು ಬೇರೇನೂ ನೋಡಲಿಲ್ಲ. ಹಿಂದೆ ಅತ್ತೆ ಏದುಸಿರು ಬಿಡುತ್ತಾ, ನನ್ನ ಹೆಸರು ಕರೆಯುತ್ತಾ ಬರುತ್ತಿದ್ದರು.

ಒಡ್ಡಿನ ಬದಿಗೆ ಒಂದು ಜಾಲಿ ಗಿಡ. ಅದರ ಬುಡದಲ್ಲಿ ಒತ್ತಿಟ್ಟ ಕಲ್ಲುಗಳು. ಕಲ್ಲುಗಳ ನಡುವೆ ನೆಲ ಕುಸಿದು, ಬಟ್ಟಲಿನ ಹಾಗೆ, ಒಳಗಿನಿಂದ ಯಾರೋ ಎದ್ದು ಬಂದ ಹಾಗೆ... ಸಾಲು ಶುರುವಾಗಿದ್ದು ಅಲ್ಲಿಂದ.

ನಾನು ಅಲ್ಲೇ ಕೂತೆ. ಯಾರೂ ಹೇಳಬೇಕಾಗಿರಲಿಲ್ಲ.

ಅತ್ತೆ ಬಂದು ನನ್ನ ಹಿಂದೆ ನಿಂತರು. "ಯಾರ ತೋರಿಸಿದ್ರವ್ವಾ ನಿನಗ ಈ ಜಾಗಾ?" ದನಿ ಅವರದಾಗಿರಲಿಲ್ಲ.

"ಇಲ್ಲೇ ಐತೇನ್ರಿ, ಅತ್ತೀ?"

ಅತ್ತೆ ನನ್ನ ಪಕ್ಕಕ್ಕೆ ಕುಸಿದು ಕೂತರು. ಆ ಬಟ್ಟಲಿನೊಳಗೆ ಅಂಗೈ ಊರಿ, ತಗ್ಗಿದ ದನಿಯಲ್ಲಿ ಹೇಳತೊಡಗಿದರು.

"ಅವತ್ತ ನಾನೂ ಅಂದೆ. ಮಣ್ಣಾಗ ಇಡೂ ಮುಂದ ಬಾಯಿಗೆ ಬಂದ್ಬಿಡ್ತು. ನಲವತ್ತ ವರ್ಷದಿಂದ ಮನಿ ಬಾಗಿಲಾಗ ನಿಂತು ಎಲ್ಲಾರಿಗೂ ಹೇಳಿದ ಬಾಯಿ... ‘ಹೋಗಿ ಬಾ, ಅವ್ವಾ’ ಅಂದೆ. ಅಂದ ಮ್ಯಾಲೆ ನಾಲಗಿ ಕಚ್ಚಿಕೊಂಡೆ. ನಿನ್ನ ಗಂಡಗೂ ಕೇಳಿಸೇತಿ. ನಿನಗ ಹ್ಯಾಂಗ ಹೇಳಲಿ? ಸಮುದ್ರದ ದಂಡ್ಯಾಗ ನೀನೂ ಅದನ್ನ ಅಂದಾಗ, ನನ್ನ ಜೀವ ಹಾರಿಹೋತು."

ಮಿಂಚು ಹೊಡೆಯಿತು. ಒಡ್ಡಿನ ಮೇಲೆ ನಮ್ಮನೆಯವರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಮುಖ ಎರಡೂ ಕೈಯಲ್ಲಿ ಮುಚ್ಚಿಕೊಂಡಿದ್ದರು.

"ಅತ್ತೀ," ಅಂದೆ. "ಈಗರೆ ಹೇಳ್ರಿ. ಹ್ಯಾಂಗಿತ್ತ್ರಿ?"

ಅತ್ತೆ ಮಣ್ಣಾದ ಬೆರಳಿನಿಂದ ನನ್ನ ಮೂಗು ಮುಟ್ಟಿದರು. "ಇದು ನಿಂದ. ತುದಿ ಒಂಚೂರು ಮ್ಯಾಲಾಗಿ. ಹುಬ್ಬು ಅವನವು, ಕೂಡಿದ ಹುಬ್ಬು. ತಲಿ ತುಂಬ ಕೂದಲಾ ಇದ್ದೂ. ಗದ್ದದಾಗ ಕುಣಿ ಇತ್ತು, ನನ್ನಂಗ. ಮಕ್ಕೊಂಡಂಗ ಇತ್ತವ್ವಾ... ಎಬ್ಬಿಸಿದ್ರ ಎದ್ದಬಿಡತೈತೇನೋ ಅನ್ನೂವಂಗ."

ಅಷ್ಟು ದಿನ ಅಳದಿದ್ದ ನಾನು ಅಲ್ಲಿ ಅತ್ತುಬಿಟ್ಟೆ. ಮೂವರೂ ಅತ್ತೆವು. ಮಳೆ ಬರಲಿಲ್ಲ. ನಮ್ಮನೆಯವರು ಕೈಯಿಂದ ಮಣ್ಣು ಎಳೆದು ಆ ಬಟ್ಟಲನ್ನು ಮುಚ್ಚಿ, ಕಲ್ಲುಗಳನ್ನು ಮತ್ತೆ ಒತ್ತಿಟ್ಟರು. ತೆಗೆದು ನೋಡುವ ಧೈರ್ಯ ನಮಗಾರಿಗೂ ಇರಲಿಲ್ಲ. ಯಾವುದೋ ಪ್ರಾಣಿ ಕೆದರಿರಬಹುದು ಎಂದು ಅವರು ಈಗಲೂ ಅನ್ನುತ್ತಾರೆ. ನಾನು ಎದುರಾಡುವುದಿಲ್ಲ.

ಮುಖ ಸಿಕ್ಕಿತು. ಕಣ್ಣು ಮುಚ್ಚಿದರೆ ಈಗ ನನಗೆ ಅವಳು ಕಾಣುತ್ತಾಳೆ. ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಆ ಸಾಲು ಕಾರಿನ ಬಾಗಿಲಲ್ಲಿ ಮುಗಿದಿತ್ತು ಅಂದೆನಲ್ಲ. ಬಾಗಿಲು ತೆರೆದೇ ಇತ್ತು. ನಾವು ಹಾಗೇ ಹತ್ತಿ ಮನೆಗೆ ಬಂದೆವು.

ಈಗ ನಮ್ಮ ಮನೆಯಲ್ಲಿ, ಎಲ್ಲರೂ ದೀಪ ಆರಿಸಿ ಮಲಗಿದ ಮೇಲೆ, ಕೆಲವು ರಾತ್ರಿ ಆ ಸದ್ದು ಬರುತ್ತದೆ. ಸರ್... ಸರ್... ಬಾಗಿಲ ಹೊರಗಿನಿಂದಲ್ಲ, ಒಳಗಿನಿಂದ. ನಡುಮನೆಯ ಫರಸಿ ಕಲ್ಲಿನ ನೆಲದ ಮೇಲೆ ಮೆಲ್ಲಗೆ ಸುತ್ತುತ್ತದೆ. ತೊಟ್ಟಿಲ ಕೊಂಡಿಯ ಕೆಳಗೆ ಬಂದು ನಿಲ್ಲುತ್ತದೆ. ಆಮೇಲೆ ತಲೆಬಾಗಿಲಿಗೆ ಹೋಗಿ ಬುಡದಲ್ಲಿ ಕೆರೆಯುತ್ತದೆ. ದಾರಿ ಹುಡುಕುತ್ತದೆ. ಸಮುದ್ರ ಇಲ್ಲಿಂದ ಎಷ್ಟು ದೂರ ಎಂದು ಅದಕ್ಕೇನು ಗೊತ್ತು?

ಒಂದು ರಾತ್ರಿ ಅತ್ತೆ ಎದ್ದು ಬಂದು ನನ್ನ ತಲೆದಿಂಬಿನ ಹತ್ತಿರ ಕೂತರು.

"ಕರದೋರು ನಾವು. ಕಳಿಸೂದೂ ನಾವ ಆಗಬೇಕು. ನಾ ಹೇಳಿ ನೋಡಿದೆ, ನನ್ನ ಮಾತು ಕೇಳವಲ್ದು. ಹಡದಾಕಿ ಹೇಳಬೇಕವ್ವಾ. ಒಂದ ಸಲ ‘ಹೋಗು’ ಅನ್ನು. ಅಷ್ಟ ಅನ್ನು. ‘ಬಾ’ ಅನಬ್ಯಾಡ."

ಎದ್ದು ಹೋಗಿ ತಲೆಬಾಗಿಲು ತೆಗೆದೆ. ಹೊರಗೆ ಬೀದಿ ದೀಪ, ಮಲಗಿದ ನಾಯಿ. ಹಿಂದೆ ಫರಸಿಯ ಮೇಲೆ ಸದ್ದು ಬಂದು ನನ್ನ ಹಿಮ್ಮಡಿಯ ಹತ್ತಿರ ನಿಂತಿತು. ಸೀರೆಯ ಅಂಚಿಗೆ ಏನೋ ತಾಗಿತು... ತಣ್ಣಗೆ, ಒದ್ದೆಯಾಗಿ.

ತಿರುಗಿ ನೋಡಲಿಲ್ಲ. ಬಾಯಿ ತೆರೆದೆ.

ಅಲ್ಲೇ ಬಹಳ ಹೊತ್ತು ನಿಂತಿದ್ದೆ. ಆಮೇಲೆ ಬಾಗಿಲು ಹಾಕಿ, ಚಿಲಕ ಹಾಕಿ, ಬಂದು ಮಲಗಿದೆ.

‘ಹೋಗು’ ಎಂದು ಇವತ್ತಿನ ತನಕ ಹೇಳಿಲ್ಲ.